ಗಿಡಕ್ಕೆ ಬಣ್ಣ ಹೇಗೆ ಬರುತ್ತದೆ, ಯಾಕೆ ಹೋಗುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಓದಿದ್ದು ಸಸ್ಯಗಳ ತಳಿಶಾಸ್ತ್ರ. ಹಾಗಾಗಿ ನೆಂಟರ ಮನೆಯ ಗುಲಾಬಿ ಬಣ್ಣ ಕೆಟ್ಟರೂ ಫೋನು ನನಗೇ ಬರುತ್ತದೆ. ಹತ್ತು ಜನ ಕೇಳಿದ್ದನ್ನೇ ಹನ್ನೊಂದನೆಯವರೂ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದ ಮೇಲೆ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕ್ರಮ ಅಂತ ಏನಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ. ಆದರೆ ಎರಡನೆಯದನ್ನು ಮಾತ್ರ ಬಿಡಬೇಡಿ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ.

ಗಿಡದಲ್ಲಿ ಬಣ್ಣ ಅಂದ್ರೆ ನಿಜಕ್ಕೂ ಏನು?

ಅಡುಗೆಮನೆಯಲ್ಲೇ ನೋಡಬಹುದು. ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಬಿಸಿ ಎಣ್ಣೆಗೆ ಹಾಕಿ, ಎಣ್ಣೆ ಕೆಂಪಗಾಗುತ್ತದೆ. ಕೆಂಪು ದಂಟಿನ ಸೊಪ್ಪು ಬೇಯಿಸಿ, ನೀರು ಕೆಂಪಗಾಗುತ್ತದೆ, ಮೇಲೆ ತೇಲುವ ಎಣ್ಣೆಗೆ ಏನೂ ಹತ್ತುವುದಿಲ್ಲ. ಎರಡೂ ಕೆಂಪೇ. ಆದರೆ ವಸ್ತು ಪೂರ್ತಿ ಬೇರೆ.

ಮುಖ್ಯವಾಗಿ ನಾಲ್ಕು ಗುಂಪು. ಎಲೆಯ ಹಸಿರು ಕ್ಲೋರೊಫಿಲ್, ಅದು ಶಾಲೆಯಿಂದಲೇ ಎಲ್ಲರಿಗೂ ಗೊತ್ತು. ಎಣ್ಣೆಯಲ್ಲಿ ಕರಗುವ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಕ್ಯಾರೊಟಿನಾಯ್ಡ್‌ಗಳು: ಟೊಮೆಟೊ, ಕ್ಯಾರೆಟ್, ಚೆಂಡು ಹೂವು, ಮೆಣಸಿನಕಾಯಿ. ನೀರಿನಲ್ಲಿ ಕರಗುವ ಕೆಂಪು, ನೇರಳೆ, ನೀಲಿಗಳು ಆಂಥೋಸಯನಿನ್‌ಗಳು: ಬದನೆ, ನೇರಳೆ ಹಣ್ಣು, ಕೆಂಪು ದಾಸವಾಳ, ಈರುಳ್ಳಿ ಸಿಪ್ಪೆ. ನಾಲ್ಕನೆಯದು ಬೀಟಲೇನ್, ಬೀಟ್‌ರೂಟ್ ಮತ್ತು ಅದರ ನೆಂಟರಲ್ಲಿ ಮಾತ್ರ ಇರುವಂಥದ್ದು. ಅದರ ಕತೆ ಸ್ವಾರಸ್ಯವಾಗಿದೆ, ಕೆಳಗೆ ಬರುತ್ತದೆ.

ಹಾಗಾದರೆ "ಕೆಂಪು ಬಣ್ಣದ ಜೀನ್" ಅಂತ ಒಂದಿದೆಯಾ?

ಇಲ್ಲ. ಜನ ಜಾಸ್ತಿ ತಪ್ಪು ತಿಳಿದಿರುವುದು ಇಲ್ಲೇ.

ಮದುವೆಮನೆ ಅಡುಗೆ ನೆನಪಿಸಿಕೊಳ್ಳಿ. ಒಬ್ಬ ತೆಂಗಿನಕಾಯಿ ತುರಿದು ಕೊಡುತ್ತಾನೆ, ಇನ್ನೊಬ್ಬ ಅರೆಯುತ್ತಾನೆ, ಮತ್ತೊಬ್ಬ ಕುದಿಸುತ್ತಾನೆ. ಆಂಥೋಸಯನಿನ್ ತಯಾರಾಗುವುದೂ ಹಾಗೇ. ಫಿನೈಲ್‌ಅಲನಿನ್ ಅನ್ನುವ ಅಮೈನೊ ಆಮ್ಲದಿಂದ ಶುರುವಾಗಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಹೋಗುತ್ತದೆ. ಪ್ರತಿ ಹಂತಕ್ಕೂ ಒಂದು ಕಿಣ್ವ, ಪ್ರತಿ ಕಿಣ್ವಕ್ಕೂ ಒಂದು ಜೀನ್. ಇವುಗಳಲ್ಲಿ ಮೂರು ಹೆಸರು ನೆನಪಿಟ್ಟುಕೊಂಡರೆ ಸಾಕು. ಶುರುವಿನಲ್ಲಿ ಬರುವ ಚಾಲ್ಕೋನ್ ಸಿಂಥೇಸ್, ನಡುವಿನಲ್ಲಿ ಡಿಎಫ್‌ಆರ್, ಕೊನೆ ಹತ್ತಿರ ಎಎನ್‌ಎಸ್. ಕಡೆಗೆ ಒಂದು ಸಕ್ಕರೆ ಅಂಟಿಸಿ, ಜೀವಕೋಶದೊಳಗಿನ ನೀರಿನ ಚೀಲಕ್ಕೆ, ಅಂದರೆ ರಸದಾನಿಗೆ ತುಂಬಿಸಿಟ್ಟರೆ ಬಣ್ಣ ರೆಡಿ.

ಈ ಅಡುಗೆಯವರ ಜೀನ್‌ಗಳು ಗಿಡದ ಪ್ರತಿ ಜೀವಕೋಶದಲ್ಲೂ ಇರುತ್ತವೆ. ಬೇರಿನಲ್ಲೂ ಇವೆ, ಎಲೆಯಲ್ಲೂ ಇವೆ. ಆದರೂ ಬಣ್ಣ ಬರುವುದು ಹೂವಿನಲ್ಲೋ ಹಣ್ಣಿನಲ್ಲೋ ಚಿಗುರಿನಲ್ಲೋ, ಕೆಲವು ಕಡೆ ಮಾತ್ರ. ಯಾಕೆ ಅಂದರೆ ಅವರನ್ನು ಕೆಲಸಕ್ಕೆ ಹಚ್ಚುವ ಸ್ವಿಚ್ ಬೇರೆ ಇದೆ. ಮೂರು ಬಗೆಯ ಪ್ರೊಟೀನ್ ಕೈಜೋಡಿಸಿದರೆ ಮಾತ್ರ ಅದು ಆನ್ ಆಗುತ್ತದೆ. ಹೆಸರು ಮಿಬ್, ಬಿಎಚ್‌ಎಲ್‌ಎಚ್, ಡಬ್ಲ್ಯುಡಿ40. ಹೆಸರು ಕೇಳಿ ಹೆದರಬೇಡಿ. ಮಿಬ್ ಅನ್ನುವುದು ಕೋಣೆಯ ಸ್ವಿಚ್ ಇದ್ದಂತೆ: ದಳಕ್ಕೊಂದು, ಹಣ್ಣಿನ ಸಿಪ್ಪೆಗೊಂದು, ಚಿಗುರಿಗೊಂದು. ಉಳಿದ ಎರಡು ಮೇನ್ ಸ್ವಿಚ್ ಇದ್ದಂತೆ, ಬಹಳ ಕಡೆ ಬೇಕಾಗುತ್ತವೆ.

ನನ್ನನ್ನು ಕೇಳಿದರೆ, ನಾವು ನೋಡುವ ಬಣ್ಣಬಣ್ಣದ ತಳಿಗಳಲ್ಲಿ ಬಹಳಷ್ಟು ಹುಟ್ಟಿದ್ದು ಅಡುಗೆಯವರು ಬದಲಾಗಿ ಅಲ್ಲ, ಸ್ವಿಚ್ ಕೆಟ್ಟು ಅಥವಾ ಸ್ವಿಚ್ ತಪ್ಪು ಜಾಗದಲ್ಲಿ ಆನ್ ಆಗಿ.

ಬಿಳಿ ಹೂವು ಅಂದ್ರೆ ಬಣ್ಣದ ಜೀನ್ ಇಲ್ಲ ಅಂತ ಅಲ್ವಾ?

ಬಹಳ ಸಲ ಎಲ್ಲವೂ ಇರುತ್ತದೆ, ಒಂದು ಕಡೆ ಮಾತ್ರ ಕೆಟ್ಟಿರುತ್ತದೆ. ಇದಕ್ಕೆ ಬಟಾಣಿಗಿಂತ ಒಳ್ಳೆ ಉದಾಹರಣೆ ಇಲ್ಲ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ ನೇರಳೆ ಹೂವು, ಬಿಳಿ ಹೂವು ಅಂತ ಓದಿದ್ದೀವಲ್ಲ, ಆ ಬಿಳಿಗೆ ಕಾರಣ ಏನು ಅಂತ ಪತ್ತೆಯಾದದ್ದು 2010ರಲ್ಲಿ. ಜೀನ್ ಅಂದರೆ ಡಿಎನ್‌ಎಯ ಅಕ್ಷರಗಳಲ್ಲಿ ಬರೆದ ಪಾಠ ಅಂದುಕೊಳ್ಳಿ. ಬಿಎಚ್‌ಎಲ್‌ಎಚ್ ಸ್ವಿಚ್‌ನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ. ಜೀನ್‌ನ ಪ್ರತಿಯನ್ನು ಕತ್ತರಿಸಿ ಜೋಡಿಸುವ ಜಾಗದಲ್ಲೇ ಆ ಅಕ್ಷರ ಇದ್ದದ್ದರಿಂದ ಇಡೀ ಪ್ರೊಟೀನ್ ಹಾಳು. ಅದು ಮೇನ್ ಸ್ವಿಚ್ ಆದ್ದರಿಂದ ಹೂವು ಮಾತ್ರ ಬೆಳ್ಳಗಾಗುವುದಿಲ್ಲ, ಬೀಜದ ಸಿಪ್ಪೆಯ ಬಣ್ಣವೂ ಹೋಗುತ್ತದೆ, ಎಲೆ ಕಾಂಡಕ್ಕೆ ಸೇರುವ ಮೂಲೆಯ ನೇರಳೆ ಉಂಗುರವೂ ಹೋಗುತ್ತದೆ. ಇವೆಲ್ಲ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಹೋಗುತ್ತವೆ ಅನ್ನುವುದನ್ನು ಮೆಂಡೆಲ್ ಆಗಲೇ ಗಮನಿಸಿದ್ದ. ಕಾರಣ ಸಿಗಲು ನೂರಾ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಇನ್ನೊಂದು ಮಜಾ ಇದೆ. ಎರಡು ಬಿಳಿ ಹೂವಿನ ಗಿಡ ಕೂಡಿಸಿದರೆ ನೇರಳೆ ಮಕ್ಕಳು ಹುಟ್ಟಬಹುದು! ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಬೇಟ್ಸನ್ ಮತ್ತು ಪನೆಟ್ ಸ್ವೀಟ್ ಪೀ ಅನ್ನುವ ಹೂಗಿಡದಲ್ಲಿ ಇದನ್ನು ತೋರಿಸಿದರು. ಒಂದು ಬಿಳಿ ಗಿಡದಲ್ಲಿ ಒಂದು ಕಡೆ ಕೆಟ್ಟಿದೆ, ಇನ್ನೊಂದರಲ್ಲಿ ಬೇರೆ ಕಡೆ ಕೆಟ್ಟಿದೆ. ಮಗುವಿಗೆ ಅಪ್ಪನಿಂದ ಇದು ಸರಿಯಾದದ್ದು, ಅಮ್ಮನಿಂದ ಅದು ಸರಿಯಾದದ್ದು ಸಿಕ್ಕಿ ಬಣ್ಣ ಮರಳಿ ಬಂತು. ಅದರ ಮುಂದಿನ ತಲೆಮಾರಿನಲ್ಲಿ ಬಣ್ಣದವು 9 ಇದ್ದರೆ ಬಿಳಿಯವು 7.

ಅಡುಗೆಯವನೇ ಕೈಕೊಟ್ಟ ಉದಾಹರಣೆಗಳೂ ಇವೆ, ಇಲ್ಲ ಅನ್ನುವುದಿಲ್ಲ. ಹಳದಿ ಈರುಳ್ಳಿಯಲ್ಲಿ ಡಿಎಫ್‌ಆರ್ ಕೆಲಸ ಮಾಡುವುದಿಲ್ಲ, ಅದಕ್ಕೇ ಅದು ಕೆಂಪಾಗಲಿಲ್ಲ. ಬಿಳಿ ದಾಳಿಂಬೆಯ ಒಂದು ತಳಿಯಲ್ಲಿ ಎಎನ್‌ಎಸ್ ಜೀನ್‌ನೊಳಗೆ ಬೇರೆ ಡಿಎನ್‌ಎ ತುಂಡು ತೂರಿಕೊಂಡಿದೆ. ಆ ಗಿಡದಲ್ಲಿ ಹಣ್ಣು ಮಾತ್ರ ಅಲ್ಲ, ಹೂವಿಗೂ ಕೆಂಪಿಲ್ಲ. ಅಡುಗೆಯವನು ಹೋದರೆ ಇಡೀ ಮನೆಗೆ ಊಟ ಇಲ್ಲ. ಕೋಣೆಯ ಸ್ವಿಚ್ ಹೋದರೆ ಆ ಕೋಣೆಯಷ್ಟೇ ಕತ್ತಲೆ.

ಕೆಂಪಕ್ಕಿ ಕೆಂಪು ಯಾಕೆ? ಪಾಲಿಶ್ ಮಾಡಿದ್ದಕ್ಕೆ ಅಕ್ಕಿ ಬೆಳ್ಳಗಾಯಿತಾ?

ಪಾಲಿಶ್ ಮಾಡಿದರೆ ಕೆಂಪಕ್ಕಿಯ ಕೆಂಪು ಹೋಗುವುದು ನಿಜ, ಬಣ್ಣ ಇರುವುದು ಹೊರಗಿನ ತೌಡಿನ ಪದರದಲ್ಲಿ. ಆದರೆ ನಮ್ಮ ಸೋನಾ ಮಸೂರಿಯನ್ನು ಪಾಲಿಶ್ ಮಾಡದೆ ಸುಮ್ನೆ ಹೊಟ್ಟು ತೆಗೆದರೂ ಅದು ಕೆಂಪಗಿರುವುದಿಲ್ಲ, ಮಂಕು ಕಂದು ಇರುತ್ತದೆ. ಅಂದರೆ ವ್ಯತ್ಯಾಸ ಗಿರಣಿಯಲ್ಲಿ ಅಲ್ಲ, ಜೀನ್‌ನಲ್ಲಿ.

ಕಾಡು ಭತ್ತ ಕೆಂಪಕ್ಕಿಯದೇ. ಅದರಲ್ಲಿ ಆರ್‌ಸಿ ಅನ್ನುವ ಜೀನ್ ಇದೆ, ಅದೂ ಬಿಎಚ್‌ಎಲ್‌ಎಚ್ ಜಾತಿಯ ಸ್ವಿಚ್. ಹಿಂದೆ ಯಾವಾಗಲೋ ಒಂದು ಗಿಡದಲ್ಲಿ ಈ ಜೀನ್‌ನ 14 ಅಕ್ಷರ ಬಿಟ್ಟುಹೋದವು. ಸ್ವಿಚ್ ಕೆಟ್ಟಿತು, ಅಕ್ಕಿ ಬೆಳ್ಳಗಾಯಿತು. ಯಾರೋ ರೈತರಿಗೆ ಅದು ಇಷ್ಟವಾಗಿ ಬೀಜ ಎತ್ತಿಟ್ಟಿರಬೇಕು. ಇವತ್ತು ಜಗತ್ತಿನ ಬಿಳಿ ಅಕ್ಕಿ ತಳಿಗಳಲ್ಲಿ ಹೆಚ್ಚುಕಡಿಮೆ ಎಲ್ಲವುದರಲ್ಲೂ ಅದೇ 14 ಅಕ್ಷರ ಮಾಯ. ಇದು ಪತ್ತೆಯಾದದ್ದು 2006ರಲ್ಲಿ. ಕರಾವಳಿಯ ಕೆಂಪು ಕುಚ್ಚಲಕ್ಕಿ ಉಣ್ಣುವವರ ತಟ್ಟೆಯಲ್ಲಿರುವುದು ಆ ಸ್ವಿಚ್ ಕೆಡದೇ ಉಳಿದ ಅಕ್ಕಿ.

ಕೆಂಪಕ್ಕಿಯ ಕೆಂಪು ಆಂಥೋಸಯನಿನ್ ಅಲ್ಲ, ಅದೇ ಅಡುಗೆ ಸಾಲಿನಿಂದ ಕವಲೊಡೆದು ಬರುವ ಪ್ರೊಆಂಥೋಸಯನಿಡಿನ್. ಒಗರು ಅದರಿಂದಲೇ. ಕಪ್ಪು ಅಕ್ಕಿಯದು ಆಂಥೋಸಯನಿನ್. ಅಲ್ಲಿ ಕಾಲಾ4 ಅನ್ನುವ ಇನ್ನೊಂದು ಸ್ವಿಚ್‌ನ ಮುಂದಿನ ಡಿಎನ್‌ಎ ಅದಲುಬದಲಾಗಿ, ಕಾಳಿನಲ್ಲಿ ಆನ್ ಆಗಬಾರದ್ದು ಆನ್ ಆಗಿದೆ.

ನೇರಳೆ ಬದನೆಕಾಯಿಯ ತೊಟ್ಟು ಬಿಡಿಸಿದರೆ ಅಡಿಯಲ್ಲಿ ಬೆಳ್ಳಗಿರುತ್ತದೆ. ರೋಗವಾ?

ರೋಗ ಅಲ್ಲ. ಇದು ನನಗೆ ಅತಿ ಇಷ್ಟದ ಪ್ರಶ್ನೆ.

ಬದನೆ ಹೆಚ್ಚುವಾಗ ತೊಟ್ಟಿನ ಹಸಿರು ಟೋಪಿಯನ್ನು ಉಗುರಿನಿಂದ ಮೇಲೆತ್ತಿ ನೋಡಿ. ಟೋಪಿಯ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿ ಗೆರೆ ಎಳೆದಂತೆ ನೇರಳೆ ನಿಲ್ಲುತ್ತದೆ. ಒಳಗಡೆ ಬಿಳಿ ಅಥವಾ ತಿಳಿ ಹಸಿರು. ಕಾಯಿ ಬೆಳೆಯುತ್ತಾ ಟೋಪಿಯಿಂದ ಹೊರಗೆ ಜಾರುತ್ತದಲ್ಲ, ಈಗಷ್ಟೇ ಹೊರಬಂದ ಪಟ್ಟಿಯಲ್ಲಿ ಇನ್ನೂ ಅರೆಬರೆ ನೇರಳೆ. ಬಹಳ ತಳಿಗಳಲ್ಲಿ ಹೀಗಿರುತ್ತದೆ.

ಕಾರಣ ಬೆಳಕು. ಕತ್ತಲೆಯಲ್ಲಿ ಜೀವಕೋಶದೊಳಗೆ ಸಿಒಪಿ1 ಅನ್ನುವ ಒಂದು ಪ್ರೊಟೀನ್ ಇರುತ್ತದೆ. ಬಣ್ಣಕ್ಕೆ ಬೇಕಾದ ಎಚ್‌ವೈ5, ಮಿಬ್ ಇಂಥವನ್ನೆಲ್ಲ ಹಿಡಿದು ಗುಜರಿಗೆ ಕಳಿಸುವುದೇ ಅದರ ಕೆಲಸ. ಬೆಳಕು ಬಿದ್ದಾಗ ಸಿಒಪಿ1 ಸುಮ್ಮನಾಗುತ್ತದೆ. ಎಚ್‌ವೈ5 ಉಳಿಯುತ್ತದೆ, ಸ್ವಿಚ್ ಆನ್, ಬಣ್ಣ ಶುರು.

ಮಾಡಿ ನೋಡಬೇಕು ಅಂದರೆ ಸುಲಭ. ಕಾಯಿ ಹೆಬ್ಬೆರಳಿನಷ್ಟಿದ್ದಾಗ ಕಪ್ಪು ಇನ್ಸುಲೇಷನ್ ಟೇಪನ್ನು ಸಣ್ಣ ಚೌಕ ಕತ್ತರಿಸಿ, ಟೋಪಿಯ ಅಂಚಿಗೇ ತಾಗುವಂತೆ ಅಂಟಿಸಿ. ಟೋಪಿಯಿಂದ ಹೊಸದಾಗಿ ಹೊರಬರುವ ಸಿಪ್ಪೆ ನೇರ ಟೇಪಿನಡಿ ಹೋಗಬೇಕು. ಆಗಲೇ ನೇರಳೆಯಾದ ಜಾಗಕ್ಕೆ ಅಂಟಿಸಿದರೆ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನನ್ನ ಅಕ್ಕನ ಮಗಳು ಹೀಗೆ ಮಾಡಿ ಬದನೆಕಾಯಿ ಮೇಲೆ ಬೆಳ್ಳನೆಯ ಕಿಟಕಿ ತೆಗೆದಿದ್ದಳು. ಟೇಪ್ ಕಿತ್ತ ಮೇಲೆ ಬಿಸಿಲಿಗೆ ಆ ಕಿಟಕಿಯೂ ನೇರಳೆಗೆ ತಿರುಗಿತು, ಶಾಲೆಗೆ ತೋರಿಸಲು ಏನೂ ಉಳಿಯಲಿಲ್ಲ ಅಂತ ಅವಳಿಗೆ ಬೇಜಾರು. ಕೆಲವು ತಳಿಗಳಿಗೆ ಬೆಳಕಿನ ಹಂಗಿಲ್ಲ, ಟೋಪಿಯ ಅಡಿಯಲ್ಲೂ ನೇರಳೆ ಇರುತ್ತದೆ. ಹಾಗಾಗಿ ಮೊದಲು ಟೋಪಿ ಎತ್ತಿ ನೋಡಿ, ಆಮೇಲೆ ಟೇಪ್ ಹುಡುಕಿ.

ಉಡುಪಿಯ ಮಟ್ಟು ಗುಳ್ಳದ ಮೇಲೆ ಈ ಪ್ರಯೋಗ ಬೇಡ. ಅದು ಹಸಿರು, ಅಲ್ಲಿ ನೇರಳೆ ಬರುವುದೇ ಇಲ್ಲ.

ಚಳಿಗಾಲದಲ್ಲಿ ಗುಲಾಬಿ ಗಾಢವಾಗಿ, ಬೇಸಿಗೆಯಲ್ಲಿ ಪೇಲವವಾಗಿ ಬರುತ್ತದೆ. ಗೊಬ್ಬರ ಸಾಲುತ್ತಿಲ್ಲವಾ?

ಗೊಬ್ಬರ ಅಲ್ಲ, ತಾಪ. ಸೆಖೆಯಲ್ಲಿ ಆಂಥೋಸಯನಿನ್ ತಯಾರಾಗುವುದು ಕಡಿಮೆ, ಇದ್ದದ್ದು ಕರಗುವುದು ಜಾಸ್ತಿ. ತಂಪಿನಲ್ಲಿ ಉಲ್ಟಾ. ಕಪ್ಪು ದ್ರಾಕ್ಷಿಗೂ ರಾತ್ರಿ ತಂಪಿಲ್ಲದಿದ್ದರೆ ಬಣ್ಣ ಸರಿಯಾಗಿ ಕೂರುವುದಿಲ್ಲ.

ಇದರ ಅತಿರೇಕ ನೋಡಬೇಕಾದರೆ ಇಟಲಿಯ ಸಿಸಿಲಿಗೆ ಹೋಗಬೇಕು. ಅಲ್ಲಿನ ರಕ್ತಕಿತ್ತಳೆ ಒಳಗಡೆ ರಕ್ತದಂತೆ ಕೆಂಪು. ಕಿತ್ತಳೆಯಲ್ಲಿ ರೂಬಿ ಅನ್ನುವ ಮಿಬ್ ಜೀನ್ ಇದೆ, ಮಾಮೂಲಿ ಕಿತ್ತಳೆಯ ತೊಳೆಯಲ್ಲಿ ಅದು ಮಲಗಿರುತ್ತದೆ. ರಕ್ತಕಿತ್ತಳೆಯಲ್ಲಿ ಅದರ ಪಕ್ಕಕ್ಕೆ ಒಂದು ಜಿಗಿಯುವ ಡಿಎನ್‌ಎ ತುಂಡು ಬಂದು ಕೂತಿದೆ. ಚಳಿ ಬಿದ್ದರೆ ಆ ತುಂಡು ಎಚ್ಚರಗೊಂಡು ರೂಬಿಯನ್ನೂ ಎಬ್ಬಿಸುತ್ತದೆ. 2012ರಲ್ಲಿ ಇದು ಸ್ಪಷ್ಟವಾಯಿತು. ಆ ಸಸಿಯನ್ನೇ ತಂದು ನಮ್ಮ ಬಯಲುಸೀಮೆಯಲ್ಲಿ ನೆಟ್ಟು "ಕೆಂಪು ಬರಲಿಲ್ಲ, ಮೋಸ" ಅಂದರೆ ನರ್ಸರಿಯವರದು ತಪ್ಪಲ್ಲ. ನಮ್ಮಲ್ಲಿ ಅಷ್ಟು ಚಳಿ ಇಲ್ಲ.

ಒಂದೇ ಹೂವಿನಲ್ಲಿ ಗೆರೆ, ಚುಕ್ಕೆ, ಅರ್ಧ ಕೆಂಪು ಅರ್ಧ ಹಳದಿ ಹೇಗೆ?

ಸಂಜೆಮಲ್ಲಿಗೆ ಇದ್ದವರ ಮನೆಯಲ್ಲಿ ಇದನ್ನು ನೋಡಿರುತ್ತೀರಿ. ಒಂದೇ ಗಿಡದಲ್ಲಿ ಒಂದು ಹೂ ಪೂರ್ತಿ ಹಳದಿ, ಪಕ್ಕದ್ದಕ್ಕೆ ರಾಣಿ ಬಣ್ಣದ ಪಟ್ಟೆ.

ಈಗಷ್ಟೇ ಹೇಳಿದೆನಲ್ಲ, ಜಿಗಿಯುವ ತುಂಡುಗಳು. ಡಿಎನ್‌ಎಯಲ್ಲಿ ಕೆಲವು ತುಂಡುಗಳಿಗೆ ಒಂದು ಕಡೆ ಕೂರುವ ಅಭ್ಯಾಸ ಇಲ್ಲ. ಅದು ಬಣ್ಣದ ಜೀನ್‌ನೊಳಗೆ ಬಂದು ಕೂತರೆ ಆ ಜೀನ್ ಕೆಲಸ ನಿಲ್ಲಿಸುತ್ತದೆ. ದಳ ಬೆಳೆಯುತ್ತಿರುವಾಗ ಯಾವುದೋ ಒಂದು ಜೀವಕೋಶದಲ್ಲಿ ತುಂಡು ಎದ್ದು ಹೋದರೆ, ಅಲ್ಲಿಂದ ಮುಂದೆ ಆ ಜೀವಕೋಶದ ಮಕ್ಕಳು ಮೊಮ್ಮಕ್ಕಳಿಗೆಲ್ಲ ಬಣ್ಣ. ಬೇಗ ಎದ್ದು ಹೋದರೆ ಅಗಲ ಪಟ್ಟೆ, ತಡವಾಗಿ ಎದ್ದರೆ ಸಣ್ಣ ಚುಕ್ಕೆ. ಪಟ್ಟೆಯ ಅಗಲ ನೋಡಿಯೇ ಯಾವಾಗ ಜಿಗಿಯಿತು ಅಂತ ಅಂದಾಜು ಮಾಡಬಹುದು.

ಇದನ್ನು ಮೊದಲು ಕಂಡುಹಿಡಿದವರು ಅಮೆರಿಕದ ಬಾರ್ಬರಾ ಮೆಕ್ಲಿಂಟಾಕ್. ಮುಸುಕಿನ ಜೋಳದ ತೆನೆಯಲ್ಲಿ ಚುಕ್ಕೆ ಚುಕ್ಕೆ ಕಾಳು ಇರುತ್ತವಲ್ಲ, ಅವನ್ನು ವರ್ಷಗಟ್ಟಲೆ ನೋಡಿ 1940ರ ದಶಕದಲ್ಲೇ ಜೀನ್‌ಗಳು ಜಾಗ ಬದಲಿಸುತ್ತವೆ ಅಂದರು. ಬಹಳ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ನೊಬೆಲ್ ಬಂದದ್ದು 1983ರಲ್ಲಿ. ಅವರು ನೋಡುತ್ತಿದ್ದ ಜೀನ್‌ಗಳಲ್ಲಿ ಒಂದು ಸಿ1. ಗಿಡಗಳಲ್ಲಿ ಮೊದಲು ಸಿಕ್ಕ ಮಿಬ್ ಜೀನ್ ಕೂಡ ಅದೇ, 1987ರಲ್ಲಿ.

ವಿಜಯಪುರದ ಹಸಿರು ದ್ರಾಕ್ಷಿಯೂ ಇದೇ ಜಾತಿಯ ಅಪಘಾತದ ಮಗು. ದ್ರಾಕ್ಷಿ ಸಿಪ್ಪೆಗೆ ಬಣ್ಣ ಕೊಡುವ ಮಿಬ್ ಸ್ವಿಚ್‌ನ ಮುಂದೆ ಒಂದು ಜಿಗಿಯುವ ತುಂಡು ಬಂದು ಕೂತು ಅದನ್ನು ಆಫ್ ಮಾಡಿದೆ, ಪಕ್ಕದ ಇನ್ನೊಂದು ಮಿಬ್ ಬೇರೆ ಕಾರಣಕ್ಕೆ ಕೆಟ್ಟಿದೆ. ಈ ಎರಡು ಕೋಣೆ ಸ್ವಿಚ್ ಹೋದದ್ದಕ್ಕೇ ನಮಗೆ ಹೊಂಬಣ್ಣದ ಒಣದ್ರಾಕ್ಷಿ.

ಬಣ್ಣದ ಜೀನ್ ಇನ್ನೊಂದು ಜಾಸ್ತಿ ಹಾಕಿದರೆ ಬಣ್ಣ ಇನ್ನೂ ಗಾಢ ಆಗುತ್ತದೆ ಅಲ್ವಾ?

ಹಾಗೇ ಅಂದುಕೊಂಡು ಅಮೆರಿಕದಲ್ಲಿ ರಿಚರ್ಡ್ ಜಾರ್ಗನ್‌ಸನ್ ಮತ್ತು ಜೊತೆಯವರು ನೇರಳೆ ಪೆಟೂನಿಯಾಕ್ಕೆ ಚಾಲ್ಕೋನ್ ಸಿಂಥೇಸ್ ಜೀನ್‌ನ ಇನ್ನೊಂದು ಪ್ರತಿ ಸೇರಿಸಿದರು. ಹೂವು ಗಾಢ ಆಗುವ ಬದಲು ಎಷ್ಟೋ ಗಿಡಗಳಲ್ಲಿ ಬೆಳ್ಳಗಾಯಿತು! ಕೆಲವು ನೇರಳೆ ಬಿಳಿ ಪಟ್ಟೆ. ಹೊಸ ಜೀನ್ ಕೆಲಸ ಮಾಡಲಿಲ್ಲ, ಹೋಗಲಿ, ಮೊದಲಿನಿಂದ ಇದ್ದ ಸ್ವಂತ ಜೀನ್ ಕೂಡ ಬಾಯಿ ಮುಚ್ಚಿಕೊಂಡಿತು. ಇದು 1990ರಲ್ಲಿ ಪ್ರಕಟವಾಯಿತು. ನೆದರ್‌ಲೆಂಡ್ಸ್‌ನ ತಂಡವೊಂದಕ್ಕೂ ಅದೇ ವರ್ಷ ಇಂಥದ್ದೇ ಅನುಭವ.

ಒಂದೇ ಜೀನ್‌ನ ಪ್ರತಿ ಅತಿಯಾದರೆ ಜೀವಕೋಶಕ್ಕೆ ಅನುಮಾನ ಬರುತ್ತದೆ, ವೈರಸ್ ನುಗ್ಗಿರಬಹುದು ಅಂತ. ಆಗ ಆ ಹೋಲಿಕೆಯ ಆರ್‌ಎನ್‌ಎ, ಅಂದರೆ ಜೀನ್‌ನಿಂದ ಹೊರಡುವ ಸಂದೇಶದ ಚೀಟಿ, ಎಲ್ಲವನ್ನೂ ಹುಡುಕಿ ಕತ್ತರಿಸಿ ಹಾಕುತ್ತದೆ, ಮನೆಯವರದೂ ಸೇರಿ. ಪ್ರಾಣಿಗಳಲ್ಲಿ ಇದೇ ತಂತ್ರವನ್ನು ಹುಳುವೊಂದರಲ್ಲಿ ಬಿಡಿಸಿ ತೋರಿಸಿದ ಫೈರ್ ಮತ್ತು ಮೆಲ್ಲೊ ಅವರ ಕೆಲಸ 1998ರದು, ಅದಕ್ಕೆ 2006ರಲ್ಲಿ ನೊಬೆಲ್ ಸಿಕ್ಕಿತು. ಪೆಟೂನಿಯಾದವರಿಗೆ ಸಿಗಲಿಲ್ಲ. ನನಗೆ ಈಗಲೂ ಇದು ಸ್ವಲ್ಪ ಅನ್ಯಾಯ ಅನ್ನಿಸುತ್ತದೆ.

ಅಂದಹಾಗೆ ನರ್ಸರಿಗಳಲ್ಲಿ ಸಿಗುವ ನಕ್ಷತ್ರದ ಪಟ್ಟೆಯ ಪೆಟೂನಿಯಾಗಳಲ್ಲೂ ಬಿಳಿ ಭಾಗದಲ್ಲಿ ಇದೇ ಜೀನ್ ಹೀಗೇ ಬಾಯಿ ಮುಚ್ಚಿರುತ್ತದೆ. ಅವು ಯಾರೂ ಜೀನ್ ತುರುಕಿ ಮಾಡಿದ್ದಲ್ಲ, ಮಾಮೂಲಿ ತಳಿ. ತಾಪ ಬದಲಾದರೆ ಪಟ್ಟೆಯ ಅಗಲವೂ ಬದಲಾಗುತ್ತದೆ. "ಒಂದೇ ಗಿಡ, ಹೋದ ತಿಂಗಳು ಒಂಥರ ಈ ತಿಂಗಳು ಒಂಥರ" ಅಂತ ಫೋಟೊ ಕಳಿಸುವವರಿಗೆ ಉತ್ತರ ಇದು.

ನೀಲಿ ಗುಲಾಬಿ ನಿಜಕ್ಕೂ ಇದೆಯಾ?

ಮೊದಲು ನನ್ನ ಮರ್ಯಾದೆ ಕಳೆದುಕೊಳ್ಳುತ್ತೇನೆ. ಓದಿಕೊಂಡವನಾಗಿ ಆನ್‌ಲೈನಲ್ಲಿ ನೀಲಿ ಗುಲಾಬಿ ಬೀಜದ ಪ್ಯಾಕೆಟ್ ತರಿಸಿದೆ, ಏನು ಬರುತ್ತದೆ ನೋಡೋಣ ಅಂತ. ಬಂದದ್ದು ಟೊಮೆಟೊ ಎಲೆಯಂಥ ಎಲೆಯ ಯಾವುದೋ ಕಳೆ. ನೀವು ತರಿಸಬೇಡಿ.

ಗುಲಾಬಿಗೆ ನೀಲಿ ಬರದಿರಲು ಕಾರಣ ಸ್ವಿಚ್ ಅಲ್ಲ, ಇಲ್ಲಿ ಅಡುಗೆಯವನೇ ಇಲ್ಲ. ಆಂಥೋಸಯನಿನ್ ಸಾಲು ನಡುವಿನಲ್ಲಿ ಮೂರು ದಾರಿಯಾಗುತ್ತದೆ. ಒಂದು ದಾರಿ ಇಟ್ಟಿಗೆ ಕೆಂಪಿನ ಪೆಲಾರ್ಗೋನಿಡಿನ್‌ಗೆ, ಇನ್ನೊಂದು ಕಡುಗೆಂಪಿನ ಸಯನಿಡಿನ್‌ಗೆ, ಮೂರನೆಯದು ನೀಲಿ ನೇರಳೆಯ ಡೆಲ್ಫಿನಿಡಿನ್‌ಗೆ. ಮೂರನೆಯ ದಾರಿಗೆ ಬೇಕಾದ ಕಿಣ್ವದ ಜೀನ್ ಗುಲಾಬಿಯಲ್ಲಿ ಇಲ್ಲ. ಜಪಾನಿನ ಸನ್‌ಟೋರಿ ಮತ್ತು ಆಸ್ಟ್ರೇಲಿಯಾದ ಫ್ಲೋರಿಜೀನ್ ಸೇರಿ ವಯೋಲಾ ಹೂವಿನಿಂದ ಆ ಜೀನ್ ತಂದು ಹಾಕಿದರು. 2009ರಿಂದ ಜಪಾನಿನಲ್ಲಿ ಅದು ಮಾರಾಟಕ್ಕೆ ಬಂತು. ಆದರೆ ನೋಡಿದವರು ನೀಲಿ ಅನ್ನುವುದಿಲ್ಲ, ತಿಳಿ ನೇರಳೆ ಅನ್ನುತ್ತಾರೆ. ಹೂವಿನಂಗಡಿಯಲ್ಲಿ ಶಾಯಿಯಂಥ ನೀಲಿ ಗುಲಾಬಿ ಕಂಡರೆ ಅದಕ್ಕೆ ಬಣ್ಣ ಕುಡಿಸಿದ್ದಾರೆ ಅಥವಾ ಹಚ್ಚಿದ್ದಾರೆ, ಅಷ್ಟೆ.

ಡೆಲ್ಫಿನಿಡಿನ್ ಬಂದ ಮಾತ್ರಕ್ಕೆ ನೀಲಿ ಆಗುವುದಿಲ್ಲ ಯಾಕೆ? ರಸದಾನಿಯ ಹುಳಿ. ಶಂಖಪುಷ್ಪದ ನಾಲ್ಕು ಹೂವು ಬಿಸಿನೀರಿಗೆ ಹಾಕಿ, ನೀಲಿ ಇಳಿದ ಮೇಲೆ ನಿಂಬೆ ಹಿಂಡಿ, ಕಣ್ಣೆದುರೇ ನೇರಳೆಯಾಗುತ್ತದೆ. ವಸ್ತು ಅದೇ, ಹುಳಿ ಮಾತ್ರ ಬದಲು. ನೀಲಿ ಮಾರ್ನಿಂಗ್ ಗ್ಲೋರಿ ಹೂವು ಇದನ್ನು ತಾನೇ ಮಾಡುತ್ತದೆ. ಮೊಗ್ಗಿನಲ್ಲಿ ಕೆಂಪು ನೇರಳೆ, ಅರಳುವಾಗ ರಸದಾನಿಯ ಪಿಎಚ್ (ಹುಳಿಯ ಅಳತೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ) 6.6ರಿಂದ 7.7ಕ್ಕೆ ಏರಿ ಆಕಾಶನೀಲಿ. ಹುಳಿ ಇಳಿಸುವುದಕ್ಕೆ ಒಂದು ಪಂಪ್ ಇದೆ, ಆ ಪಂಪಿಗೂ ಒಂದು ಜೀನ್. ಅದರ ನೆಂಟ ಗಿಡವೊಂದರಲ್ಲಿ ಆ ಜೀನ್ ಕೆಟ್ಟಾಗ ಹೂವು ಅರಳಿದ ಮೇಲೂ ನೇರಳೆಯಾಗೇ ಉಳಿಯಿತು.

ಬೀಟ್‌ರೂಟ್, ದಂಟು, ಬೋಗನ್‌ವಿಲ್ಲಾ ಎಲ್ಲ ಒಂದೇ ಥರದ ರಾಣಿ ಬಣ್ಣ. ಸಂಬಂಧ ಇದೆಯಾ?

ಇದೆ, ನಿಜವಾಗಿಯೂ ನೆಂಟರು. ಇವುಗಳ ಜೊತೆ ಸಂಜೆಮಲ್ಲಿಗೆ, ಪಾಪಾಸುಕಳ್ಳಿ, ಡ್ರ್ಯಾಗನ್ ಹಣ್ಣು ಎಲ್ಲ ಒಂದೇ ದೊಡ್ಡ ಗುಂಪಿನವು. ಇವುಗಳ ಬಣ್ಣ ಬೀಟಲೇನ್. ಇದು ಹೊರಡುವುದು ಫಿನೈಲ್‌ಅಲನಿನ್‌ನಿಂದಲ್ಲ, ಟೈರೋಸಿನ್‌ನಿಂದ. ಬೇರೆ ಅಡುಗೆ, ಬೇರೆ ಅಡುಗೆಯವರು. ಆಂಥೋಸಯನಿನ್ ಮತ್ತು ಬೀಟಲೇನ್ ಎರಡೂ ತಾನಾಗಿ ಒಂದೇ ಗಿಡದಲ್ಲಿ ಇರುವುದು ಇದುವರೆಗೆ ಕಂಡಿಲ್ಲ.

ಆದರೆ ಬೀಟ್‌ರೂಟಿನಲ್ಲಿ ಈ ಹೊಸ ಅಡುಗೆಯನ್ನು ಆನ್ ಮಾಡುವ ಸ್ವಿಚ್ ಯಾವುದು ಅಂತ ಹುಡುಕಿದಾಗ ಸಿಕ್ಕಿದ್ದು ಆಂಥೋಸಯನಿನ್‌ನ ಹಳೇ ಮಿಬ್‌ನ ತಮ್ಮ! 2015ರ ಸುದ್ದಿ ಇದು. ಅಡುಗೆಯವರನ್ನೆಲ್ಲ ಬದಲಾಯಿಸಿದ ಗಿಡ ಸ್ವಿಚ್ ಮಾತ್ರ ಹಳೆಯದನ್ನೇ ತಿದ್ದಿ ಇಟ್ಟುಕೊಂಡಿದೆ. ಬೀಟ್‌ರೂಟಿನ ಕೆಂಪು ಹಳದಿ ಕತೆ ಬೇರೆ ಜೀನ್‌ನದು, ಅದರ ಕಿಣ್ವ ಕೆಟ್ಟರೆ ಗೆಡ್ಡೆ ಹಳದಿ.

ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬಣ್ಣ ಹೆಚ್ಚಾದರೆ ಖಾರ ಇಳಿಯುತ್ತದಾ?

ಇಲ್ಲ, ಎರಡಕ್ಕೂ ಸಂಬಂಧ ಇಲ್ಲ. ಖಾರ ಇರುವುದು ಬೀಜ ಅಂಟಿಕೊಂಡಿರುವ ಒಳಗಿನ ಬಿಳಿ ಎಳೆಯಲ್ಲಿ, ಅದರ ಜೀನ್‌ಗಳು ಬೇರೆ. ಬಣ್ಣ ಇರುವುದು ಕಾಯಿಯ ಸಿಪ್ಪೆ ತಿರುಳಿನಲ್ಲಿ, ಅದು ಕ್ಯಾಪ್ಸಾಂಥಿನ್ ಅನ್ನುವ ಕ್ಯಾರೊಟಿನಾಯ್ಡ್. ಹಾವೇರಿ ಜಿಲ್ಲೆಯ ಬ್ಯಾಡಗಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬ್ಯಾಡಗಿಯ ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಬಣ್ಣ ತೆಗೆಯುವ ಕಾರ್ಖಾನೆಯವರು ಮುಗಿಬೀಳುವುದು ಈ ಕ್ಯಾಪ್ಸಾಂಥಿನ್‌ಗಾಗಿ.

ಕ್ಯಾಪ್ಸಾಂಥಿನ್ ಮಾಡುವ ಕೊನೆಯ ಕಿಣ್ವದ ಹೆಸರು ಸಿಸಿಎಸ್. ಅದು ಇಲ್ಲದ ಮೆಣಸಿನಕಾಯಿ ಹಣ್ಣಾದರೂ ಹಳದಿಯಲ್ಲೇ ನಿಲ್ಲುತ್ತದೆ. ಚಾಕೊಲೇಟ್ ಬಣ್ಣದ ಮೆಣಸಿನಕಾಯಿ ಇನ್ನೊಂದು ತಮಾಷೆ. ಕೆಂಪೇನೋ ಬಂದಿದೆ, ಆದರೆ ಹಸಿರು ಹೋಗಿಲ್ಲ. ಕೆಂಪೂ ಹಸಿರೂ ಸೇರಿ ಕಂದು. ಹಣ್ಣಾಗುವಾಗ ಕ್ಲೋರೊಫಿಲ್ ಒಡೆಯಲು ಬೇಕಾದ ಒಂದು ಜೀನ್ ಅಲ್ಲಿ ಕೆಟ್ಟಿದೆ. ಮೆಂಡೆಲ್‌ನ ಬಟಾಣಿ ಕಾಳು ಒಣಗಿದರೂ ಹಸಿರಾಗಿ ಉಳಿಯುತ್ತಿತ್ತಲ್ಲ, ಅಲ್ಲೂ ಕೆಟ್ಟಿದ್ದು ಅದೇ ಜೀನ್.

ಮಾವಿನ ಚಿಗುರು ಮೊದಲು ಕೆಂಪು, ಆಮೇಲೆ ಹಸಿರು. ಯಾಕೆ?

ಚಿಗುರಿನಲ್ಲಿ ಮೊದಲು ಆಂಥೋಸಯನಿನ್ ತುಂಬುತ್ತದೆ, ಎಲೆ ಬಲಿಯುತ್ತಾ ಸ್ವಿಚ್ ಆಫ್ ಆಗುತ್ತದೆ. ಎಳೆ ಎಲೆಗೆ ಬಿಸಿಲಿನಿಂದ ನೆರಳು ಅಂತ ಕೆಲವರು, ಹುಳದ ಕಣ್ಣಿಗೆ ಹಸಿರು ಕಾಣದಿರಲಿ ಅಂತ ಕೆಲವರು. ಜಗಳ ಮುಗಿದಿಲ್ಲ.

ಗೊಬ್ಬರ, ಮಣ್ಣು ಬದಲಿಸಿ ಹೂವಿನ ಬಣ್ಣ ಬದಲಿಸಬಹುದಾ?

ಹೈಡ್ರಾಂಜಿಯಾದಲ್ಲಿ ಆಗುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯುಮಿನಿಯಂ ಕರಗಿ ಗಿಡದೊಳಗೆ ಹೋಗುತ್ತದೆ, ಹೂವು ನೀಲಿ. ಸುಣ್ಣ ಹಾಕಿದರೆ ಗುಲಾಬಿ ಬಣ್ಣ. ದಾಸವಾಳಕ್ಕೆ, ಗುಲಾಬಿಗೆ ಇದನ್ನು ಮಾಡಿ ಗಿಡ ಸಾಯಿಸಬೇಡಿ. ಮುಸುಕಿನ ಜೋಳದ ಎಳೆ ಗಿಡ ನೇರಳೆಗೆ ತಿರುಗಿದರೆ ಮಾತ್ರ ಗೊಬ್ಬರದ ಕಡೆ ನೋಡಿ, ರಂಜಕ ಕಡಿಮೆಯಾದಾಗ ಹಾಗಾಗುತ್ತದೆ.

ಕೆಂಪು ಗುಲಾಬಿ ತಂದಿದ್ದೆ, ಈಗ ಸಣ್ಣ ಬಿಳಿ ಹೂ ಬಿಡುತ್ತಿದೆ. ಜೀನ್ ಬದಲಾಯಿತಾ?

ಇಲ್ಲ. ಕಸಿ ಮಾಡಿದ ಗುಲಾಬಿಯಲ್ಲಿ ಕೆಳಗಿನ ಬೇರಿನ ಗಿಡ ಕಾಡು ಜಾತಿಯದು. ಮೇಲಿನ ಕಸಿ ಸತ್ತು ಕೆಳಗಿನದು ಚಿಗುರಿದೆ. ಕಸಿಯ ಗಂಟಿಗಿಂತ ಕೆಳಗೆ ಬಂದ ಚಿಗುರನ್ನು ಬರುತ್ತಿದ್ದಂತೆ ಕಿತ್ತುಹಾಕಬೇಕಿತ್ತು. ನನಗೆ ಬರುವ ಹತ್ತು ಫೋನಿನಲ್ಲಿ ನಾಲ್ಕು ಇದೇ.

ಚಿನ್ನದ ಅಕ್ಕಿ ಅಂದ್ರೆ ಅಕ್ಕಿಗೆ ಕ್ಯಾರೆಟ್ ಜೀನ್ ಹಾಕಿದ್ದಾ?

ಕ್ಯಾರೆಟ್ ಅಲ್ಲ. ಕಾಳಿನ ತಿರುಳಿನಲ್ಲೇ ಕ್ಯಾರೊಟಿನಾಯ್ಡ್ ಬಂದು ಹಳದಿಯಾದ ಅಕ್ಕಿ ಅದು. ಭತ್ತದ ಎಲೆ ಕ್ಯಾರೊಟಿನಾಯ್ಡ್ ಮಾಡುತ್ತದೆ, ಕಾಳಿನ ತಿರುಳು ಮಾಡುವುದಿಲ್ಲ. ಇಂಗೊ ಪೊಟ್ರಿಕುಸ್ ಮತ್ತು ಪೀಟರ್ ಬೇಯರ್ ತಂಡ ಡ್ಯಾಫೊಡಿಲ್ ಹೂವಿನ ಒಂದು ಜೀನ್ ಮತ್ತು ಬ್ಯಾಕ್ಟೀರಿಯಾದ ಒಂದು ಜೀನನ್ನು ತಿರುಳಿನಲ್ಲಿ ಆನ್ ಆಗುವಂತೆ ಸೇರಿಸಿ 2000ದಲ್ಲಿ ಪ್ರಕಟಿಸಿತು. ಆಮೇಲೆ ಡ್ಯಾಫೊಡಿಲ್ ಬದಲು ಮುಸುಕಿನ ಜೋಳದ ಜೀನ್ ಹಾಕಿದಾಗ ಬಣ್ಣ ಬಹಳ ಜಾಸ್ತಿ ಬಂತು.

ಜೀನ್ ಹಾಕಿದ ಹೂಗಿಡ ನಮಗೆ ಗೊತ್ತಿಲ್ಲದೆ ಮನೆಗೆ ಬಂದಿರಬಹುದಾ?

ಯುರೋಪಿನಲ್ಲಿ, ಅಮೆರಿಕದಲ್ಲಿ ಹಾಗೇ ಆಗಿತ್ತು. ಪೆಟೂನಿಯಾದ ಡಿಎಫ್‌ಆರ್ ಇಟ್ಟಿಗೆ ಕೆಂಪಿನ ದಾರಿಗೆ ಹೋಗುವುದಿಲ್ಲ, ಹಾಗಾಗಿ ಕಿತ್ತಳೆ ಬಣ್ಣದ ಪೆಟೂನಿಯಾ ಇರಲಿಲ್ಲ. ಜರ್ಮನಿಯ ಕೊಲೋನ್‌ನಲ್ಲಿ ಮುಸುಕಿನ ಜೋಳದ ಡಿಎಫ್‌ಆರ್ ಹಾಕಿ ಅದನ್ನು ಮಾಡಿದರು, 1987ರಲ್ಲಿ. ಆಮೇಲೆ ಅಂಥ 30,000 ಗಿಡಗಳನ್ನು ಹೊಲದಲ್ಲಿ ನೆಟ್ಟರು. ಮೊದಮೊದಲು ಇಟ್ಟಿಗೆ ಕೆಂಪು ಚೆನ್ನಾಗಿ ಬಂತು, ಬಿಸಿಲು ಏರುತ್ತಾ ಎಷ್ಟೋ ಗಿಡಗಳ ಹೂವು ಪೇಲವವಾಗುತ್ತಾ ಹೋಯಿತು. ಜೀನ್ ಕಳೆದುಹೋಗಿರಲಿಲ್ಲ, ಒಂದಕ್ಷರವೂ ಬದಲಾಗಿರಲಿಲ್ಲ. ಆ ಜೀನ್‌ನ ಮುಂದೆ, ಅದನ್ನು ಆನ್ ಮಾಡುವ ಜಾಗದ ಡಿಎನ್‌ಎ ಮೇಲೆ ಮಿಥೈಲ್ ಅನ್ನುವ ಸಣ್ಣ ಗುರುತುಗಳು ಅಂಟಿ ಅದನ್ನು ಮುಚ್ಚಿಬಿಟ್ಟಿದ್ದವು.

ಆ ಗಿಡ ಅಲ್ಲಿಗೇ ಮುಗಿಯಿತು ಅಂತ ಎಲ್ಲ ಮರೆತಿದ್ದರು. 2015ರಲ್ಲಿ ತೇಮು ತೇರಿ ಅನ್ನುವ ಸಸ್ಯವಿಜ್ಞಾನಿ ಹೆಲ್ಸಿಂಕಿ ರೈಲು ನಿಲ್ದಾಣದ ಹೊರಗೆ ನಡೆದು ಹೋಗುವಾಗ ಹೂಕುಂಡದಲ್ಲಿ ಕಿತ್ತಳೆ ಪೆಟೂನಿಯಾ ಕಂಡರು. ಇದು ಇರಲು ಸಾಧ್ಯವೇ ಇಲ್ಲ ಅಂದುಕೊಂಡು ಒಂದು ತುಂಡು ಕಿತ್ತು ಜೇಬಿಗೆ ಹಾಕಿಕೊಂಡು ಹೋಗಿ ಪರೀಕ್ಷಿಸಿದರೆ ಒಳಗೆ ಜೋಳದ ಜೀನ್! 2017ರಲ್ಲಿ ಯುರೋಪ್, ಅಮೆರಿಕ ಎಲ್ಲ ಕಡೆ ಇಂಥ ಗಿಡಗಳನ್ನು ಅಂಗಡಿಯಿಂದ ವಾಪಸ್ ತರಿಸಿ ನಾಶ ಮಾಡಿದರು. ಮಾರುತ್ತಿದ್ದವರಲ್ಲಿ ಬಹಳ ಮಂದಿಗೆ ತಾವು ಏನು ಮಾರುತ್ತಿದ್ದೇವೆ ಅಂತಲೇ ಗೊತ್ತಿರಲಿಲ್ಲ.